ಕೆಂಪು ಬಸ್ಸಿನ ಶಾಸಕ

ವಿಜಯಪುರದ ಕಡೆಯಿಂದ ಗಡಿ ದಾಟಿ ಮಹಾರಾಷ್ಟ್ರದೊಳಗೆ ಹೋದರೆ ಸೋಲಾಪುರ ಜಿಲ್ಲೆಯ ಸಾಂಗೋಲಾ ಸಿಗುತ್ತದೆ. ಮಳೆ ಕಮ್ಮಿ, ದಾಳಿಂಬೆ ಜಾಸ್ತಿ. ಈ ಬರದ ಸೀಮೆಯಿಂದ ಗಣಪತರಾವ್ ದೇಶಮುಖ್ 11 ಸಲ ಶಾಸಕರಾದರು. ಮೊದಲ ಗೆಲುವು 1962ರಲ್ಲಿ, ಕೊನೆಯದು 2014ರಲ್ಲಿ. ಆಗ ವಯಸ್ಸು 88. ನಡುವೆ 1972 ಮತ್ತು 1995ರಲ್ಲಿ ಸೋಲನ್ನೂ ಉಂಡರು.

ಗೆಲುವುಗಳ ಈ ಲೆಕ್ಕಕ್ಕಿಂತ ನನಗೆ ಇಷ್ಟವಾಗುವುದು ಅವರು ಶಾಸಕರಾಗಿ ಕೆಲಸ ಮಾಡಿದ ರೀತಿ. ಗೆದ್ದದ್ದೆಲ್ಲ ಶೇತಕರಿ ಕಾಮಗಾರ್ ಪಕ್ಷದಿಂದಲೇ, ಅಂದರೆ ರೈತ-ಕಾರ್ಮಿಕರ ಪಕ್ಷದಿಂದ. ಸುತ್ತಲಿನವರು ಬಟ್ಟೆ ಬದಲಿಸಿದಷ್ಟು ಸಲೀಸಾಗಿ ಪಕ್ಷ ಬದಲಿಸುತ್ತಿದ್ದಾಗ ಇವರು ಅದರ ಕೆಂಪು ಬಾವುಟ ಬಿಡಲಿಲ್ಲ. ಎರಡು ಸಲ ಮಂತ್ರಿಯಾದದ್ದು ಬಿಟ್ಟರೆ ಬಹುಪಾಲು ಕೂತದ್ದು ವಿರೋಧ ಪಕ್ಷದ ಸಾಲಿನಲ್ಲೇ. ಅಧಿಕಾರವಿಲ್ಲದೆ ಇಷ್ಟು ವರ್ಷ ಜನರನ್ನು ಹಿಡಿದಿಟ್ಟುಕೊಳ್ಳುವುದು ಸಣ್ಣ ಮಾತಲ್ಲ.

ಅದಕ್ಕೆ ನೀರೇ ಮುಖ್ಯ ಕಾರಣವಿರಬೇಕು. ಪಕ್ಕದ ಆಟಪಾಡಿಯಲ್ಲಿ 1993ರಿಂದ ನಡೆದ ನೀರಿನ ಪರಿಷತ್ತುಗಳಲ್ಲಿ ಹೋರಾಟಗಾರ ನಾಗನಾಥ ನಾಯಕವಾಡಿಯವರ ಜೊತೆ ನಿಂತರು. ಕೃಷ್ಣೆಯ ನೀರು ಮೇಲಿನ ಒಣಭೂಮಿಗೂ ಹತ್ತಬೇಕು ಎಂಬುದು ಅಲ್ಲಿನ ಹಕ್ಕೊತ್ತಾಯ. ಸಾಂಗೋಲಾದಲ್ಲಿ ರೈತರ ಸಹಕಾರಿ ನೂಲಿನ ಗಿರಣಿಯನ್ನೂ ಕಟ್ಟಿದರು.

ಮುಂಬೈಯ ವಿಧಾನಸಭೆ ಅಧಿವೇಶನಕ್ಕೆ ಅವರು ಹೋಗಿಬರುತ್ತಿದ್ದುದು ಎಸ್‌ಟಿಯಲ್ಲಿ, ಅಂದರೆ ಸರ್ಕಾರಿ ಸಾರಿಗೆಯ ಕೆಂಪು ಬಸ್ಸಿನಲ್ಲಿ. ಬಸ್ಸಿನಲ್ಲಿ ಶಾಸಕರಿಗೆ ಮೀಸಲು ಸೀಟು ಇರುತ್ತದೆ. ಅದರ ಮೇಲೆ ನಿಜವಾಗಿ ಕೂತವರು ಎಷ್ಟು ಮಂದಿಯೋ! ದೇಶಮುಖ್ ಕೂತರು. 2021ರ ಜುಲೈನಲ್ಲಿ ತೀರಿಕೊಂಡಾಗಲೂ ಸಾಂಗೋಲಾದ ಜನರ ಬಾಯಲ್ಲಿ ಅವರು ‘ಆಬಾ’ ಎಂದೇ ಇದ್ದರು.