ಕುಂದಗೋಳದ ರೈಲು

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೊರಟ ರೈಲಿಗೆ ಕುಂದಗೋಳ ದೂರದ ಊರಲ್ಲ. ಎರೆಹೊಲಗಳ ನಡುವೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. 1930ರ ದಶಕದ ಕೊನೆಯಲ್ಲಿ ಆ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ರೈಲು ಮೀಟರ್ ಗೇಜಿನದು. ಆಗಿನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಒಬ್ಬ ತಾಯಿ ಮನೆಗೆಲಸ ಮುಗಿಸಿ, ಮಕ್ಕಳನ್ನು ಮನೆಯವರ ಕೈಗೊಪ್ಪಿಸಿ, ಸಂಜೆ ಆ ರೈಲು ಹತ್ತುತ್ತಿದ್ದರು. ಗುರುಗಳ ಮನೆಯಲ್ಲಿ ತಾಲೀಮು ಮುಗಿಸಿ ರಾತ್ರಿಯ ಗಾಡಿಗೆ ಮರಳುತ್ತಿದ್ದರು. ಅದೇ ಮನೆಯಲ್ಲಿದ್ದುಕೊಂಡು ಕಲಿಯುತ್ತಿದ್ದ ಒಬ್ಬ ಹುಡುಗ ಅವರನ್ನು ಸ್ಟೇಷನ್ನಿನವರೆಗೆ ಕಳಿಸಿ ಬರುತ್ತಿದ್ದ. ಆ ತಾಯಿ ಗಂಗೂಬಾಯಿ ಹಾನಗಲ್ಲ, ಹುಡುಗ ಭೀಮಸೇನ ಜೋಶಿ, ಗುರು ಸವಾಯಿ ಗಂಧರ್ವ.

ಈ ಕತೆಯನ್ನು ನಾವು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಹೇಳುತ್ತ ಬಂದಿದ್ದೇವೆ. ಬಡತನವಿತ್ತು, ಅವಮಾನವಿತ್ತು, ರಾತ್ರಿಯ ರೈಲಿತ್ತು. ಎಲ್ಲವನ್ನೂ ಸಹಿಸಿದರು, ಪದ್ಮವಿಭೂಷಣ ಬಂತು. ಸಭೆ ಚಪ್ಪಾಳೆ ತಟ್ಟುತ್ತದೆ. ಇವರೆಲ್ಲರ ಕಿರಾಣಾ ಘರಾಣೆಯ ಗಾಯನವನ್ನು ಬಹುಕಾಲದಿಂದ ಕೇಳುತ್ತ ಬಂದ ನನಗೆ ಈ ಧಾಟಿ ಒಪ್ಪಿಗೆಯಿಲ್ಲ. ಅದು ಎರಡು ಬೇರೆ ಬೇರೆ ಕಷ್ಟಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಡುತ್ತದೆ. ಗುರು ಕೊಟ್ಟ ಕಷ್ಟ ಒಂದು, ಊರು ಕೊಟ್ಟ ಕಷ್ಟ ಇನ್ನೊಂದು. ಮೊದಲನೆಯದು ಅವರ ಹಾಡಿನಲ್ಲಿ ಇವತ್ತಿಗೂ ಕೇಳಿಸುತ್ತದೆ. ಎರಡನೆಯದನ್ನು ಅವರು ಹೊತ್ತರು, ಅಷ್ಟೆ. ಅದರಿಂದ ಸಂಗೀತಕ್ಕೆ ಏನೋ ಲಾಭವಾಯಿತು ಅನ್ನುವುದು ಅವಮಾನ ಮಾಡಿದವರಿಗೆ ಪುಕ್ಕಟೆಯಾಗಿ ಪುಣ್ಯ ಕೊಟ್ಟಂತೆ.

ಊರು ಕೊಟ್ಟದ್ದೇನು ಎಂಬುದನ್ನು ಗಂಗೂಬಾಯಿಯವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಅವರು ಬೆಳೆದದ್ದು ಶುಕ್ರವಾರಪೇಟೆಯಲ್ಲಿ, ಬ್ರಾಹ್ಮಣರ ಮನೆಗಳ ನಡುವೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ, ಮನೆತನವೇ ಗಾಯಕಿಯರದು. ಪಕ್ಕದವರ ಹಿತ್ತಿಲಲ್ಲಿ ಮಾವಿನಕಾಯಿ ಕಿತ್ತಾಗ, ಕದ್ದದ್ದಕ್ಕಿಂತ ಹೆಚ್ಚಾಗಿ ಹಾಡುವವರ ಮಗಳು ಹಿತ್ತಿಲೊಳಗೆ ಕಾಲಿಟ್ಟಳಲ್ಲ ಎಂದು ಆ ಮನೆಯವರು ಕೆಂಡವಾಗಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿಯೂ ಒಬ್ಬರು. ಹನ್ನೊಂದರ ಆ ಹುಡುಗಿಯ ಎದೆಯಲ್ಲಿ ಹಾಡಿನ ಸಂಭ್ರಮಕ್ಕಿಂತ ದೊಡ್ಡದೊಂದು ಅಳುಕಿತ್ತು. ಊಟವಾದ ಮೇಲೆ ಎಂಜಲೆಲೆ ಎತ್ತಲು ತನಗೇ ಹೇಳಿಬಿಟ್ಟರೆ? ಮುಂದೆ ಕುಂದಗೋಳದ ಓಣಿಗಳಲ್ಲಿ ಪಾಠಕ್ಕೆ ನಡೆದುಹೋಗುವಾಗಲೂ ಜನ ಹೊರಬಂದು ನೋಡುತ್ತಿದ್ದರು, ಆಡಿಕೊಳ್ಳುತ್ತಿದ್ದರು.

ಆ ಅಳುಕಿನಿಂದ ಯಾವ ರಾಗ ಹಸನಾದೀತು?

ಮನೆಯೊಳಗೆ ನಡೆದದ್ದು ಬೇರೆ. ಆಗಿನ ಧಾರವಾಡ ಹಿಂದುಸ್ತಾನಿ ಸಂಗೀತದ ಗಾಳಿಗೆ ಮೈತೆರೆದಿತ್ತು. ಮೈಸೂರು ಅರಮನೆಗೆ ಹೋಗಿಬರುವ ಉಸ್ತಾದರು ಈ ಕಡೆ ಇಳಿಯುತ್ತಿದ್ದರು. ಕಿರಾಣಾ ಘರಾಣೆಯ ದಿಗ್ಗಜ ಅಬ್ದುಲ್ ಕರೀಂ ಖಾನರು ಸ್ವತಃ ಅಂಬಾಬಾಯಿಯವರ ಹಾಡು ಕೇಳಲು ಮನೆಗೆ ಬರುತ್ತಿದ್ದರು. ಮಗಳಿಗೆ ಮಾತ್ರ ಬೀದಿಯ ಗ್ರಾಮಫೋನಿನ ಹುಚ್ಚು. ತಟ್ಟೆಯ ಮೇಲಿನ ದನಿ ಕಿವಿಗೆ ಬಿದ್ದರೆ ಓಡುವುದು, ಬಂದು ಹಾಗೆಯೇ ಹಾಡಿ ತೋರಿಸುವುದು. ಮಗಳ ಒಲವು ಯಾವ ಕಡೆಗಿದೆಯೆಂದು ತಾಯಿಗೆ ತಿಳಿಯಿತು. ಹಿಂದುಸ್ತಾನಿ ಕಲಿಯುವ ಮಗುವಿನ ಕಿವಿಯಲ್ಲಿ ಕರ್ನಾಟಕ ಸಂಗೀತದ ಗಮಕ ಕೂತರೆ ಎರಡೂ ಕೆಡುತ್ತವೆ ಎಂದು ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಅಬ್ದುಲ್ ಕರೀಂ ಖಾನರಂಥವರು ಕೂತು ಕೇಳಿದ ಹಾಡು ಅದು! ನಮ್ಮ ಸಂಗೀತದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ನನಗೆ ಗೊತ್ತಿಲ್ಲ. ಮಗಳ ಕಲಿಕೆಗೆಂದೇ ಮನೆ 1928ರಲ್ಲಿ ಹುಬ್ಬಳ್ಳಿಗೆ ಬಂತು. 1932ರಲ್ಲಿ ತಾಯಿ ತೀರಿಕೊಂಡರು. ಮಗಳು ಎತ್ತರಕ್ಕೆ ಏರಿದ್ದನ್ನು ಅವರು ನೋಡಲಿಲ್ಲ.

ಹುಬ್ಬಳ್ಳಿಯಲ್ಲಿ ಮೊದಲು ಕೃಷ್ಣಾಚಾರ್ಯ ಹುಲಗೂರರಲ್ಲಿ ಕಲಿತದ್ದು ಅರವತ್ತರಷ್ಟು ಚೀಜುಗಳು, ಅಂದರೆ ಹಾಡಿನ ರಚನೆಗಳು. ಸಂಭಾವನೆಯ ವಿಷಯಕ್ಕೆ ಮನಸ್ತಾಪ ಬಂದು ಆ ಪಾಠ ನಿಂತಿತು. ಆಮೇಲೆ ಕೆಲಕಾಲ ದತ್ತೋಪಂತ ದೇಸಾಯಿ. ಅಷ್ಟು ಹೊತ್ತಿಗೆ ಗ್ರಾಮಫೋನ್ ಕಂಪನಿ ಅವರ ತಟ್ಟೆಗಳನ್ನೂ ಹೊರತಂದಿತ್ತು. ‘ಗಾಂಧಾರಿ’ ಎಂಬ ಹುಟ್ಟುಹೆಸರಿನಲ್ಲಿ ಬಂದ ಆ ಮೊದಲ ತಟ್ಟೆಗಳಲ್ಲಿರುವುದು ತೆಳುವಾದ, ಚುರುಕಾದ, ತಾರಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಕಂಠ. ಜಿ.ಎನ್. ಜೋಶಿಯವರ ಜೊತೆ ಹಾಡಿದ ಕನ್ನಡ ಭಾವಗೀತೆಗಳಲ್ಲೂ ಅದೇ ದನಿ. ಲೋಕದ ಲೆಕ್ಕದಲ್ಲಿ ಹೆಸರು ಬಂದಾಗಿತ್ತು. ಅಲ್ಲಿಗೇ ನಿಂತಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ.

ಹೆಸರು ಬಂದ ಮೇಲೆಯೇ ಅವರು ಕುಂದಗೋಳದ ರೈಲು ಹತ್ತಿದ್ದು. ಕತೆ ಹೇಳುವವರು ಬಿಟ್ಟುಬಿಡುವ ಸಂಗತಿ ಇದು. ಬೇರೆ ದಾರಿಯಿಲ್ಲದೆ ಸಿಕ್ಕಿಬಿದ್ದ ಕಷ್ಟ ಅದಲ್ಲ, ಕೇಳಿ ತೆಗೆದುಕೊಂಡದ್ದು.

ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು, ಸ್ವತಃ ಸುಲಭದ ಕಂಠ ಪಡೆದುಬಂದವರಲ್ಲ. ಮಣಿಯದ ದನಿಯನ್ನು ಅಬ್ದುಲ್ ಕರೀಂ ಖಾನರ ತಾಲೀಮಿನಲ್ಲಿ ವರ್ಷಗಟ್ಟಲೆ ತಿದ್ದಿ ಮಣಿಸಿಕೊಂಡವರು. ಆಮೇಲೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದರು. ತಮ್ಮ ದನಿಯನ್ನು ಹೀಗೆ ಕೈಯಾರೆ ಕಟ್ಟಿಕೊಂಡ ಗುರುವಿಗೆ ಕಲಿಸುವ ಅವಸರವಿರುವುದಿಲ್ಲ. ಒಂದು ಪಲ್ಟಾ, ಅಂದರೆ ಸ್ವರಾಭ್ಯಾಸದ ಒಂದು ವರಸೆ, ಕೊಡುತ್ತಿದ್ದರು. ಅದು ಬಾಯಲ್ಲಿ ಕೂತು, ಕಿವಿಯಲ್ಲಿ ಕೂತು, ಸಮಾಧಾನವೆನಿಸುವವರೆಗೆ ಮುಂದಿನದಿಲ್ಲ. ಅರವತ್ತು ಚೀಜು ಬಲ್ಲ, ತಟ್ಟೆಗಳ ಮೇಲೆ ಹೆಸರು ಅಚ್ಚಾದ ಗಾಯಕಿಗೆ ಮತ್ತೆ ಅದೇ ನಾಲ್ಕು ಸ್ವರ. ಜಿಪುಣ ದುಡ್ಡು ಎಣಿಸಿ ಖರ್ಚು ಮಾಡುವಂತೆ ಸ್ವರ ಬಳಸಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿ ಮುಪ್ಪಿನವರೆಗೂ ಹೇಳುತ್ತಿದ್ದರು.

ಈ ನಿಧಾನ ಯಾಕೆ ಬೇಕು ಅನ್ನುವುದಕ್ಕೆ ಮಾರವಾ ಮತ್ತು ಪೂರಿಯಾ ರಾಗಗಳನ್ನು ನೋಡಬೇಕು. ಎರಡಕ್ಕೂ ಸ್ವರಗಳು ಒಂದೇ. ಕೋಮಲ ರಿಷಭ, ಶುದ್ಧ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ, ಶುದ್ಧ ನಿಷಾದ. ಪಂಚಮ ಎರಡಕ್ಕೂ ಇಲ್ಲ. ಕಾಗದದ ಮೇಲೆ ಬರೆದಿಟ್ಟರೆ ಇದು ಯಾವುದು, ಅದು ಯಾವುದು ಎಂದು ಹೇಳುವುದೇ ಕಷ್ಟ. ಹಾಡಿದಾಗ ಮಾತ್ರ ಎರಡು ಲೋಕ. ಮಾರವಾದಲ್ಲಿ ರಿಷಭ ಮತ್ತು ಧೈವತದ ಮೇಲೆ ಭಾರ ಬೀಳುತ್ತದೆ, ಷಡ್ಜ ದೂರ ದೂರ ಸರಿಯುತ್ತದೆ, ಕೇಳುವವನಿಗೆ ನೆಲ ಸಿಗದ ತಳಮಳ. ಪೂರಿಯಾದಲ್ಲಿ ಗಾಂಧಾರ ಮತ್ತು ನಿಷಾದ ಮುಂದೆ ಬಂದು, ಹಾಡು ಮಂದ್ರಕ್ಕೆ ಇಳಿದು ಗಂಭೀರವಾಗುತ್ತದೆ. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವುದನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು ಅನ್ನುವುದರಲ್ಲೇ ರಾಗ ಇದೆ. ಇದನ್ನು ಬರೆದುಕೊಡಲಾಗುವುದಿಲ್ಲ, ಬೇಗ ಕಲಿಸಲಾಗುವುದಿಲ್ಲ. ಒಂದೇ ಸಂಗತಿಯನ್ನು ತಿಂಗಳುಗಟ್ಟಲೆ ಹಾಡಿಸಿ, ತಪ್ಪಿದಾಗಲೆಲ್ಲ ತಡೆದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಕುಂದಗೋಳದ ಬೇಸರ, ಕಾಯುವಿಕೆ, ರಾತ್ರಿಯ ದಣಿವು ಎಲ್ಲವೂ ಸಾರ್ಥಕವಾದದ್ದು ಈ ಒಂದು ಕಾರಣಕ್ಕೆ.

ಭೀಮಸೇನರ ಕತೆಯಲ್ಲೂ ಇದೇ ತಪ್ಪು ಗಂಟು ಬಿದ್ದಿದೆ. ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, 1933ರಲ್ಲಿ ಹನ್ನೊಂದರ ಹುಡುಗ ಗದಗದ ಮನೆ ಬಿಟ್ಟು ಓಡಿಹೋದ. ಟಿಕೇಟಿಲ್ಲದೆ ರೈಲಿನಲ್ಲಿ ಅಲೆದ. ಗ್ವಾಲಿಯರಿನ ಸಂಗೀತ ಶಾಲೆ, ಜಾಲಂಧರ ಎಂದು ಉತ್ತರವನ್ನೆಲ್ಲ ಸುತ್ತಿದ. ಕೊನೆಗೆ ಗಾಯಕ ವಿನಾಯಕರಾವ್ ಪಟವರ್ಧನರು, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿರುವಾಗ ಇಲ್ಲೇನು ಹುಡುಕುತ್ತಿ ಎಂಬಂತೆ ತಿರುಗಿ ಕಳಿಸಿದರು. ಕುಂದಗೋಳಕ್ಕೆ ಬಂದದ್ದು 1936ರಲ್ಲಿ. ಅಲ್ಲಿ ಮೊದಲು ಸಿಕ್ಕಿದ್ದು ಪಾಠವಲ್ಲ, ಕೊಡಗಳು. ನೀರು ಹೊರುವುದು, ಮನೆಗೆಲಸ ಮಾಡುವುದು. ನೀರು ಹೊತ್ತದ್ದರಿಂದಲೇ ಭೀಮಸೇನರಾದರು ಎಂದು ಹೇಳುವ ಭಾಷಣಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ನೀರು ಹೊತ್ತವರು ಆ ಕಾಲದ ಗುರುಕುಲಗಳಲ್ಲಿ ಎಷ್ಟೋ ಮಂದಿ. ಭೀಮಸೇನರಿಗೆ ದಕ್ಕಿದ್ದು ಗುರುವಿನ ಮನೆಯಲ್ಲಿದ್ದು ಹಗಲಿರುಳು ಕೇಳುವ ಅವಕಾಶ, ಆಮೇಲೆ ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವೇ ರಾಗಗಳ ಮೇಲೆ ವರ್ಷಗಟ್ಟಲೆ ನಡೆದ ತಾಲೀಮು. ಆ ಅಲೆದಾಟವನ್ನು ಮಾತ್ರ ನಾನು ವ್ಯರ್ಥ ಎನ್ನಲಾರೆ. ಅಲೆಯುತ್ತ ಅವರು ಹಲವು ಘರಾಣೆಗಳ ಹಾಡು ಕೇಳಿದ್ದರು. ಅವರ ತಾನುಗಳಲ್ಲಿ ಕಿರಾಣಾದ ಆಚೆಯಿಂದ ಬಂದ ಬಿರುಸು ಇದೆ, ಅದಕ್ಕೆ ಆ ಕಿವಿಯೇ ಕಾರಣ.

1942ರ ಸುಮಾರಿಗೆ ಗುರುಗಳಿಗೆ ಪಾರ್ಶ್ವವಾಯು ಬಡಿಯಿತು. ಗಂಗೂಬಾಯಿಗೆ ಎದುರು ಕೂತು ಕಲಿಯಲು ಸಿಕ್ಕಿದ್ದು ಕೆಲವೇ ವರ್ಷ. ಪತಿ ಗುರುರಾವ್ ಕೌಲಗಿಯವರ ವ್ಯಾಪಾರಗಳು ಕೈಹತ್ತದೆ ಸಂಸಾರದ ಭಾರ ಹಾಡಿನ ಮೇಲೆ ಬಿದ್ದಿತ್ತು. ಅದರ ಮೇಲೆ ಗಂಟಲ ಬೇನೆ. ಟಾನ್ಸಿಲ್ ಚಿಕಿತ್ಸೆಯಾದ ಮೇಲೆ ಆ ಹಳೆಯ ತೆಳುದನಿ ಮರಳಲೇ ಇಲ್ಲ. ಅದರ ಜಾಗದಲ್ಲಿ ಬಂದದ್ದು ದಪ್ಪನೆಯ, ಗಂಡಸಿನದೆನ್ನಬಹುದಾದ ದನಿ. ಗಾಯಕಿಯೊಬ್ಬಳಿಗೆ ಇದು ಆಸ್ತಿ ಕಳೆದುಕೊಂಡಂಥ ಆಘಾತ. ಸಿಹಿಕಂಠವೊಂದನ್ನೇ ನಂಬಿದ್ದ ಹಾಡುಗಾರಿಕೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕುಂದಗೋಳದಲ್ಲಿ ಕಲಿತದ್ದು ಕಂಠದ ಚೆಂದವನ್ನಲ್ಲ, ಸ್ವರದ ಜಾಗವನ್ನು. ಆ ಜಾಗ ದನಿ ಬದಲಾದರೂ ಬದಲಾಗುವುದಿಲ್ಲ. ಹೊಸ ದನಿಗೆ ಹಗುರ ಠುಮರಿ ಸಲ್ಲುತ್ತಿರಲಿಲ್ಲ, ಅವರು ವಿಲಂಬಿತ ಖಯಾಲಿನಲ್ಲೇ ನೆಲೆ ನಿಂತರು. ತಾರಸ್ಥಾಯಿಗೆ ಮಗಳು ಕೃಷ್ಣಾ ಹಿಂದೆ ಕೂತು ದನಿಗೂಡಿಸಿದರು. ತಾಯಿಯ ಗಟ್ಟಿದನಿ ನಿಂತಲ್ಲಿಂದ ಮಗಳ ತೆಳುದನಿ ಎತ್ತಿಕೊಳ್ಳುವ ಆ ಹೊಂದಾಣಿಕೆ ದಶಕಗಟ್ಟಲೆ ನಡೆಯಿತು, 2004ರಲ್ಲಿ ಕೃಷ್ಣಾ ತೀರಿಕೊಳ್ಳುವವರೆಗೆ.

ಕಲ್ಕತ್ತೆಯ ಸಂಗೀತ ಸಮ್ಮೇಳನಕ್ಕೆ ಮೊದಲ ಸಲ ಹೋದಾಗ, ಈ ಸಣಕಲು ಹೆಂಗಸು ದೊಡ್ಡ ಸಭೆಯಲ್ಲಿ ಏನು ಹಾಡಿಯಾಳು ಎಂದು ಸಂಘಟಕರು ಹಿಂದಿನ ರಾತ್ರಿಯೇ ಒಮ್ಮೆ ಹಾಡಿಸಿ ನೋಡಿದರಂತೆ. ಅವರು ಹಾಡಿದರು. ಮರುದಿನ ಸಭೆಯಲ್ಲಿ ತ್ರಿಪುರದ ಮಹಾರಾಜರಿಂದ ಚಿನ್ನದ ಪದಕ ಬಂತು. ನನಗೆ ಇಲ್ಲಿ ಪದಕಕ್ಕಿಂತ ಹಿಂದಿನ ರಾತ್ರಿಯೇ ಮುಖ್ಯ. ಒಪ್ಪಿಸಿ ತೋರಿಸೆಂದಾಗ ತಂಬೂರಿ ಶ್ರುತಿ ಮಾಡಿಕೊಂಡು ಷಡ್ಜ ಹಿಡಿಯುವ ಧೈರ್ಯ ಅವಮಾನ ನುಂಗಿದ್ದರಿಂದ ಬರುವುದಿಲ್ಲ. ಕೈಯಲ್ಲಿರುವ ವಿದ್ಯೆಯ ತೂಕ ಗೊತ್ತಿದ್ದರೆ ಬರುತ್ತದೆ. ಆ ತೂಕದ ಮೇಲೆಯೇ ಅವರು ಮೂಳೆಮಜ್ಜೆಯ ಕ್ಯಾನ್ಸರನ್ನೂ ದಾಟಿ 2006ರ ಮಾರ್ಚ್‌ನಲ್ಲಿ, ತೊಂಬತ್ಮೂರನೆಯ ವಯಸ್ಸಿನಲ್ಲಿ ಕೊನೆಯ ಕಛೇರಿ ಕೊಟ್ಟರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ನಿಧನರಾದರು.

ಈಚೆಗೆ ಸಂಗೀತ ಕಲಿಸುವವರು ನನ್ನಲ್ಲಿ ಆಗಾಗ ಕೇಳುತ್ತಾರೆ. ಈಗಿನ ಮಕ್ಕಳಿಗೆ ಕಷ್ಟವೇ ಇಲ್ಲ, ಅದಕ್ಕೇ ಹಾಡಿನಲ್ಲಿ ಆಳವಿಲ್ಲ ಅಲ್ಲವೇ ಎಂದು. ನಾನು ಹೌದೆನ್ನುವುದಿಲ್ಲ. ಈಗಿನ ಹುಡುಗಿ ರಾತ್ರಿಯ ರೈಲಿಗೆ ಓಡಬೇಕಿಲ್ಲ, ಓಣಿಯಲ್ಲಿ ಯಾರೂ ಅವಳನ್ನು ಆಡಿಕೊಳ್ಳಬಾರದು. ಅದು ಆಗಿದ್ದರೆ ಒಳ್ಳೆಯದೇ ಆಯಿತು. ಅವಳಿಗೆ ತಪ್ಪಿಹೋಗಿರುವುದು ಒಂದೇ ಪಲ್ಟಾದ ಮೇಲೆ ತಿಂಗಳು ಕೂರಿಸುವ ಗುರು. ಪರೀಕ್ಷೆಯ ಪಠ್ಯದಲ್ಲಿ ವರ್ಷಕ್ಕೆ ಇಷ್ಟು ರಾಗ ಎಂದು ಪಟ್ಟಿಯಿರುವಾಗ ಯಾವ ಗುರುವಿಗೂ ಆ ಪುರುಸೊತ್ತು ಸಿಗುವುದಿಲ್ಲ. ಮಗುವಿಗೆ ಹಸಿವು, ಅವಮಾನಗಳನ್ನು ಕೊಡದೆಯೂ ಆ ನಿಧಾನವನ್ನು ಕೊಡಬಹುದು, ಕೊಡಬೇಕು.

ಈ ವಾರ ಕೇಳುವುದಕ್ಕೆ ಎರಡು ಹೆಸರಿಸುತ್ತೇನೆ. ಗಂಗೂಬಾಯಿಯವರ ಮಾರವಾ, ಭೀಮಸೇನರ ಪೂರಿಯಾ. ಎರಡನ್ನೂ ಒಂದೇ ಸಂಜೆ, ಒಂದರ ಹಿಂದೆ ಒಂದು, ದೀಪ ಹಚ್ಚುವ ಹೊತ್ತಿಗೆ ಕೇಳಿ. ಸಂಧಿಪ್ರಕಾಶದ ರಾಗಗಳು ಇವು, ಬೆಳಗಿನಲ್ಲಿ ಹಾಕಿಕೊಂಡು ಕೇಳಿದರೆ ಅರ್ಧ ಸೊಗಸು ಹೋಗುತ್ತದೆ. ದ್ರುತ್‌ಗೆ ಅವಸರಿಸದೆ ವಿಲಂಬಿತದ ಮೊದಲ ಹತ್ತು ನಿಮಿಷ ಬಿಡದೆ ಆಲಿಸಿ. ಗಂಗೂಬಾಯಿ ರಿಷಭದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ, ಷಡ್ಜಕ್ಕೆ ಎಷ್ಟು ತಡವಾಗಿ ಬರುತ್ತಾರೆ, ಭೀಮಸೇನರು ಅವೇ ಸ್ವರಗಳಲ್ಲಿ ಮಂದ್ರದ ನಿಷಾದಕ್ಕೆ ಹೇಗೆ ಇಳಿಯುತ್ತಾರೆ ಎಂಬುದನ್ನು ಗಮನಿಸಿ. ಅದೇ ಮನೆಯ ಇನ್ನೊಬ್ಬ ಶಿಷ್ಯ, ಅಬ್ದುಲ್ ಕರೀಂ ಖಾನರ ದನಿಗೆ ಎಲ್ಲರಿಗಿಂತ ಹತ್ತಿರ ನಿಂತ ಫಿರೋಜ್ ದಸ್ತೂರರ ಬಗ್ಗೆ ಮುಂದಿನ ವಾರ ಬರೆಯುತ್ತೇನೆ.