ಹಳೆಯ ಜೀಪಿನ ಸದ್ದೂ ನಮ್ಮ ಶಬ್ದದ ಪಾಠವೂ

ವಾಹನ ದುರಸ್ತಿಯ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕೊನೆಗೊಂದು ಕೋಷ್ಟಕವಿರುತ್ತದೆ. ಎಡಗಡೆ ತೊಂದರೆ, ಬಲಗಡೆ ಕಾರಣ. ಗುಂಯ್‌ಗುಟ್ಟಿದರೆ ಬೇರಿಂಗು, ಕಟಕಟ ಎಂದರೆ ಯೂನಿವರ್ಸಲ್ ಜಾಯಿಂಟು, ಊಳಿಟ್ಟರೆ ಕ್ರೌನ್-ಪಿನಿಯನ್. ನನ್ನ ಆಕ್ಷೇಪ ಈ ಕೋಷ್ಟಕದ ಮೇಲೆ. ಸದ್ದಿಗೆ ಅದು ಹೆಸರು ಕೊಡುತ್ತದೆಯೇ ಹೊರತು ಅಳತೆ ಕೊಡುವುದಿಲ್ಲ. ಶ್ರುತಿಕವೆ ಮತ್ತು ಅನುರಣನ ನಳಿಕೆಗೇ ನಿಂತುಬಿಡುವ ನಮ್ಮ ತರಗತಿಯ ಶಬ್ದದ ಪಾಠಕ್ಕೂ ಈ ಆಕ್ಷೇಪದಲ್ಲಿ ಪಾಲಿದೆ.

ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಕಡೆಯ ಎರೆಭೂಮಿಯನ್ನು ನೆನೆಯಿರಿ. ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ಹಳೆಯ ಜೀಪಿಗೆ ಇನ್ನೂ ಬೆಲೆಯಿದೆ. ಅಂಥದ್ದೊಂದು ಜೀಪು ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುಂಯ್‌ಗುಡತೊಡಗಿತೆನ್ನಿ. ಗ್ಯಾರೇಜಿನಲ್ಲಿ ಮೊದಲು ಬೇರಿಂಗ್ ಬದಲಾಗುತ್ತದೆ, ಆಮೇಲೆ ಜಾಯಿಂಟಿನ ಕ್ರಾಸು, ಕೊನೆಗೆ ಕ್ರೌನ್-ಪಿನಿಯನ್. ಸದ್ದು ಮಾತ್ರ ಹಾಗೆಯೇ ಉಳಿಯುತ್ತದೆ. ಗಾಡಿಯನ್ನೇ ನಂಬಿ ಬದುಕುವವನಿಗೆ ಇದು ಸಣ್ಣ ನಷ್ಟವಲ್ಲ. ಅಪಾಯವೂ ಉಂಟು: ನಿಜವಾಗಿ ಸವೆದ ಜಾಯಿಂಟು ಗಮನಕ್ಕೆ ಬಾರದೆ ಉಳಿದು, ಓಡುವಾಗ ಪ್ರೊಪೆಲರ್ ಶಾಫ್ಟಿನ ಮುಂತುದಿ ಕಳಚಿ ರಸ್ತೆಗೆ ನಾಟಿಕೊಳ್ಳಬಹುದು.

ಈಗ ಲೆಕ್ಕ ಹಾಕೋಣ. ಟೈರಿನ ವ್ಯಾಸ ಸುಮಾರು 70 ಸೆಂ.ಮೀ., ಪರಿಧಿ 2.2 ಮೀ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ 13.9 ಮೀ.; ಚಕ್ರ ಸೆಕೆಂಡಿಗೆ 6.3 ಸುತ್ತು ತಿರುಗುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಕ್ರೌನ್ ಗೇರಿಗೆ 43 ಹಲ್ಲು, ಪಿನಿಯನ್‌ಗೆ 8, ಅನುಪಾತ 5.375. (ನಿಮ್ಮ ಗಾಡಿಯದನ್ನು ಎಣಿಸಿಯೇ ತಿಳಿಯಿರಿ.) ಆದ್ದರಿಂದ ಪ್ರೊಪೆಲರ್ ಶಾಫ್ಟು ಸೆಕೆಂಡಿಗೆ 34 ಸುತ್ತು. ಟೈರಿನ ದೋಷ 6.3 ಹರ್ಟ್ಸ್‌ನಲ್ಲಿ, ಶಾಫ್ಟಿನ ಅಸಮತೋಲ 34ರಲ್ಲಿ, ಹಲ್ಲುಗಳ ಸದ್ದು ಸುಮಾರು 271ರಲ್ಲಿ ಕಾಣಬೇಕು. ಯೂನಿವರ್ಸಲ್ ಜಾಯಿಂಟು ಒಂದು ಸುತ್ತಿಗೆ ಎರಡು ಸಲ ಕಂಪಿಸುವುದರಿಂದ ಅದರದು 68.

ಎರಡು ಸಲ ಏಕೆ? ಶಾಫ್ಟುಗಳು ಕೋನದಲ್ಲಿ ಕೂಡಿದಾಗ, ಒಂದು ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಹಾಗೆ ತಿರುಗದು. ಅದರ ವೇಗ ಆ ಕೋನದ ಕೊಸೈನಿನಷ್ಟು ಪಟ್ಟಿನಿಂದ ಅದರ ವಿಲೋಮದಷ್ಟು ಪಟ್ಟಿನವರೆಗೆ ಪ್ರತಿ ಅರ್ಧ ಸುತ್ತಿಗೊಮ್ಮೆ ತೂಗುತ್ತದೆ. ಕೋನ 20 ಡಿಗ್ರಿಯಾದರೆ 34 ಸುತ್ತಿನ ಬದಲು 32ರಿಂದ 36ರವರೆಗೆ! ಇದನ್ನು 17ನೆಯ ಶತಮಾನದಲ್ಲಿ ವಿವರಿಸಿದವನು ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮಕ್ಕೂ ಜೀವಕೋಶಕ್ಕೂ ನಾವು ಅವನ ಹೆಸರು ಹೇಳುತ್ತೇವೆ. ಶಾಲೆಯ ಮುಂದೆ ನಿಲ್ಲುವ ಬಸ್ಸಿನ ಅಡಿಯಲ್ಲೇ ತಿರುಗುವ ಅವನ ಜಾಯಿಂಟನ್ನು ಮಾತ್ರ ಹೇಳುವುದಿಲ್ಲ. ಶಾಫ್ಟಿನ ಎರಡೂ ತುದಿಯ ಕೋನಗಳು ಸಮವಾಗಿದ್ದು, ಶಾಫ್ಟಿನ ಮೇಲಿನ ಎರಡು ಕವೆಗಳು ಒಂದೇ ಸಮತಲದಲ್ಲಿದ್ದರೆ, ಮೊದಲ ಜಾಯಿಂಟಿನ ತೂಗಾಟವನ್ನು ಎರಡನೆಯದು ಅಳಿಸಿಹಾಕುತ್ತದೆ. ಆದರೆ ಶಾಫ್ಟಿನ ನಡುವಿನ ಜಾರುವ ಕೂಡಿಕೆಯನ್ನು ಬಿಚ್ಚಿ ಸೇರಿಸುವಾಗ ಕೆಲವು ಹಲ್ಲು ಆಚೀಚೆ ಕೂತರೆ ಈ ಹೊಂದಿಕೆ ಕೆಡುತ್ತದೆ. ಹೊಸ ಕ್ರಾಸು ಹಾಕಿದ ಮೇಲೆಯೇ ಸದ್ದು ಹೆಚ್ಚಾಯಿತೆಂಬ ದೂರಿಗೆ ಇದೊಂದು ಕಾರಣ. ಕೋಷ್ಟಕ ಮಾತ್ರ ಮತ್ತೆ ಕ್ರಾಸನ್ನೇ ಬದಲಿಸಲು ಹೇಳುತ್ತದೆ.

ಕೋಷ್ಟಕ ಎಡವುವ ಇನ್ನೊಂದು ಜಾಗವಿದೆ. ಟಾಪ್ ಗೇರಿನಲ್ಲಿ ಅನುಪಾತ 1:1, ಟ್ರಾನ್ಸ್‌ಫರ್ ಕೇಸಿನ ಹೈ ಸ್ಥಾನದಲ್ಲೂ ಹಾಗೆಯೇ. ಅಂದರೆ ಎಂಜಿನ್ನೂ ಸೆಕೆಂಡಿಗೆ 34 ಸುತ್ತು. ನಾಲ್ಕು ಸಿಲಿಂಡರಿನ ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ದಹನ. ಅದೂ 68 ಹರ್ಟ್ಸೇ! ಆವೃತ್ತಿ ಒಂದೇ ಆದಮೇಲೆ ಕಿವಿ ಎಷ್ಟೇ ಪಳಗಿದ್ದರೂ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಉಪಾಯ ಸರಳ. ಅದೇ 50 ಕಿ.ಮೀ. ವೇಗದಲ್ಲಿ ಒಂದು ಗೇರು ಕೆಳಗಿಳಿಸಿ. ಅದರ ಅನುಪಾತ 1.5 ಎಂದಿಟ್ಟುಕೊಂಡರೆ ದಹನದ ಆವೃತ್ತಿ 102ಕ್ಕೆ ಏರುತ್ತದೆ, ಜಾಯಿಂಟಿನದು 68ರಲ್ಲೇ ಉಳಿಯುತ್ತದೆ. ಖಾಲಿ ನೇರ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್‌ಗೆ ತಂದರೂ ಉತ್ತರ ಸಿಗುತ್ತದೆ: ಹೊರೆ ತಪ್ಪಿದ್ದರಿಂದ ಜಾಯಿಂಟಿನ ಸದ್ದು ಮಂದವಾಗಬಹುದು, ಆದರೆ ಎಂಜಿನ್ನಿನ ಜೊತೆ ಕೆಳಗಿಳಿಯದು.

'ಎರಡು ಚಕ್ರದ ಚಾಲನೆಯಲ್ಲಿ ಸದ್ದು ಬಂದರೆ ದೋಷ ಹಿಂದಿನದು' ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಕೇಳುತ್ತೇವೆ. ಇದು ಸರಿಯಲ್ಲ. ಮುಂದಿನ ಹಬ್‌ಗಳನ್ನು ಬಿಡಿಸುವ ಏರ್ಪಾಡಿಲ್ಲದ ಗಾಡಿಯಲ್ಲಿ ಚಕ್ರಗಳೇ ಮುಂದಿನ ಆಕ್ಸಲನ್ನೂ ಶಾಫ್ಟನ್ನೂ ತಿರುಗಿಸುತ್ತಿರುತ್ತವೆ. ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಎರಡು ಚಕ್ರದ ಚಾಲನೆಯಲ್ಲಿ ಓಡಿಸಿ ನೋಡುವುದು ನಿಜವಾದ ಪ್ರಯೋಗ.

ದೋಷವೇ ಇಲ್ಲದ ಸದ್ದೂ ಒಂದಿದೆ. ಮುಂದಿನ ಟೈರು ಹಿಂದಿನದಕ್ಕಿಂತ ಶೇ. 1ರಷ್ಟು ಸವೆದಿದ್ದರೆ ಒಂದು ಕಿ.ಮೀ.ನಲ್ಲಿ ಅದು ಸುಮಾರು 4.6 ಸುತ್ತು ಹೆಚ್ಚು ತಿರುಗಬೇಕು; ಶಾಫ್ಟಿನ ಲೆಕ್ಕದಲ್ಲಿ 25 ಸುತ್ತು. ಎರೆಮಣ್ಣಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಕರಗಿಹೋಗುತ್ತದೆ. ನಾಲ್ಕು ಚಕ್ರದ ಚಾಲನೆಯಲ್ಲೇ ಡಾಂಬರು ರಸ್ತೆಗೆ ಬಂದರೆ ಜಾರಲು ಎಡೆಯಿಲ್ಲದೆ ಶಾಫ್ಟುಗಳು ತಿರುಚಿಕೊಂಡು ನರಳುತ್ತವೆ, ತಿರುವಿನಲ್ಲಿ ಧಡ್ ಎಂದು ಬಿಡುತ್ತವೆ. ಇದಕ್ಕೆ ಬೇಕಾದದ್ದು ಬಿಡಿಭಾಗವಲ್ಲ, ಲಿವರನ್ನು ಎರಡು ಚಕ್ರದ ಚಾಲನೆಗೆ ಸರಿಸುವ ಕೈ.

ಮೆಕ್ಯಾನಿಕ್ಕರು ಸ್ಕ್ರೂಡ್ರೈವರಿನ ತುದಿಯನ್ನು ಭಾಗಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಕೇಳುವುದನ್ನು ಕೆಲವರು ನಗೆಯಾಡುತ್ತಾರೆ. ನಾನು ಅದನ್ನು ಮೆಚ್ಚುತ್ತೇನೆ. ಗಾಡಿಯೊಳಗೆ ಕೂತವನಿಗೆ ಚಾಸಿಯ ಉಕ್ಕು ಎಲ್ಲೆಲ್ಲಿಂದಲೋ ಸದ್ದನ್ನು ತಂದೊಪ್ಪಿಸುತ್ತದೆ. ಚಕ್ರಗಳನ್ನು ಎತ್ತಿ ಭದ್ರವಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತಿರುಗುವ ಭಾಗಗಳಿಂದ ದೂರವಿದ್ದು, ಒಂದೊಂದೇ ಹೌಸಿಂಗಿಗೆ ಕೋಲು ಮುಟ್ಟಿಸಿ ಹೋಲಿಸಿದರೆ ಮೂಲ ಸಿಗುತ್ತದೆ.

ಆವೃತ್ತಿಗೆ ಈಗ ಮೊಬೈಲ್ ಸಾಕು. ಜರ್ಮನಿಯ ಆಖೆನ್‌ನಲ್ಲಿ ರೂಪುಗೊಂಡು 2016ರಲ್ಲಿ ಹೊರಬಂದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶ ಕಂಪನದ ರೋಹಿತವನ್ನು ತೋರಿಸುತ್ತದೆ. ಒಂದು ಎಚ್ಚರಿಕೆ: ವೇಗೋತ್ಕರ್ಷ ಮಾಪಕ ಸೆಕೆಂಡಿಗೆ 100 ಅಳತೆಗಳನ್ನಷ್ಟೇ ತೆಗೆದುಕೊಳ್ಳುವ ಮೊಬೈಲಾದರೆ 50 ಹರ್ಟ್ಸ್‌ಗಿಂತ ಮೇಲಿನದು ಸುಳ್ಳು ವೇಷದಲ್ಲಿ ಬರುತ್ತದೆ. ಜಾಯಿಂಟಿನ 68 ಹರ್ಟ್ಸ್ ಪರದೆಯ ಮೇಲೆ 32 ಎಂದು ಕಾಣುತ್ತದೆ. 34ರ ಪಕ್ಕದಲ್ಲೇ ಇರುವುದರಿಂದ ಶಾಫ್ಟಿನ ಅಸಮತೋಲವೆಂದು ತೀರ್ಮಾನಿಸಿಬಿಡುತ್ತೀರಿ. ಗಾಡಿಯ ವೇಗವನ್ನು 30 ಕಿ.ಮೀ.ಗೆ ಇಳಿಸಿ ಮತ್ತೊಮ್ಮೆ ಅಳೆಯಿರಿ. ಜಾಯಿಂಟಿನ ಕಂಪನ ಆಗ 41ಕ್ಕೆ ಬರಬೇಕು, ಶಾಫ್ಟಿನದು 20ಕ್ಕೆ.