ಮಿಶನರಿಗಳ ಕನ್ನಡ ಕೆಲಸವೂ ಭಿನ್ನಮತೀಯರ ನೆರವೂ

ಕ್ರೈಸ್ತ ಮಿಶನರಿಗಳ ಕನ್ನಡ ಸೇವೆಯನ್ನು ಕುರಿತು ಎರಡು ಬಗೆಯ ಮಾತು ರೂಢಿಯಲ್ಲಿದೆ. ಏಕಾಂಗಿಗಳಾಗಿ ಭಾಷೆಯನ್ನು ಉದ್ಧರಿಸಿದ ಮಹಾಪುರುಷರೆಂದು ಅವರನ್ನು ಕೊಂಡಾಡುವುದು ಒಂದು. ಮತಾಂತರಕ್ಕಾಗಿಯೇ ಭಾಷೆಯನ್ನು ಕಲಿತವರೆಂದು ತಳ್ಳಿಹಾಕುವುದು ಇನ್ನೊಂದು. ಎರಡಕ್ಕೂ ಒಂದೇ ಕೊರತೆಯಿದೆಯೆಂದು ನಮಗೆ ತೋರುತ್ತದೆ: ಅವರೊಡನೆ ಕುಳಿತು ದುಡಿದ ಅನ್ಯಮತೀಯರು ಎರಡರಲ್ಲಿಯೂ ಮರೆಯಾಗಿದ್ದಾರೆ.

ಹರ್ಮನ್ ಮೋಗ್ಲಿಂಗ್ ಅವರು 1848ರಿಂದ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹೊರತಂದ ಗ್ರಂಥಮಾಲೆಯನ್ನು ನೋಡಬಹುದು. ಅದರಲ್ಲಿರುವುವು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದುವು. ವೀರಶೈವರೂ ವೈಷ್ಣವರೂ ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಕೃತಿಗಳು. ಫರ್ಡಿನೆಂಡ್ ಕಿಟ್ಟೆಲ್ ಅವರು 1872ರಲ್ಲಿ ಸಂಪಾದಿಸಿದ ಶಬ್ದಮಣಿದರ್ಪಣ ಜೈನನಾದ ಕೇಶಿರಾಜನದು. 1875ರಲ್ಲಿ ಅವರು ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿದರು. ಇವೆಲ್ಲದರ ಫಲವನ್ನು 1894ರ ನಿಘಂಟಿನಲ್ಲಿ ಕಾಣುತ್ತೇವೆ. ಪ್ರತಿಗಳನ್ನು ಕಾಪಾಡಿದವರೂ ಅರ್ಥ ಹೇಳಿದ ಪಂಡಿತರೂ ಇಲ್ಲದೆ ಇಂಥ ಕೆಲಸ ನಡೆಯುವಂತಿರಲಿಲ್ಲ. ಆದರೂ ನಿಘಂಟಿನ ಮುಖಪುಟದಲ್ಲಿರುವುದು ಒಂದೇ ಹೆಸರು.

ಈ ಸಖ್ಯ ಸಮಾನರದಾಗಿತ್ತೆ? ಆಗಿರಲಿಲ್ಲ. ಅಚ್ಚುಕೂಟ, ಹಣ, ಆಡಳಿತದ ಬೆಂಬಲ ಒಂದು ಪಕ್ಷದಲ್ಲಿದ್ದುವು. ಮಿಶನರಿಗಳು ತಮ್ಮ ಉದ್ದೇಶವನ್ನು ಮುಚ್ಚಿಡಲೂ ಇಲ್ಲ. ಕಿಟ್ಟೆಲ್ ಅವರು ಕ್ರಿಸ್ತನ ಕಥೆಯನ್ನು ಕಥಾಮಾಲೆಯಾಗಿ 1862ರಲ್ಲಿ ಕನ್ನಡ ಪದ್ಯಕ್ಕೆ ತಂದವರು. ಇಷ್ಟಾದರೂ ಅವರಿಗೆ ನೆರವಾದವರು ತಮ್ಮ ಮತವನ್ನು ಬಿಡಬೇಕಾಗಲಿಲ್ಲ, ಅವರೂ ತಮ್ಮದನ್ನು ಬಿಡಲಿಲ್ಲ. ನಂಬಿಕೆಯಲ್ಲಿ ಕೂಡದವರನ್ನು ನುಡಿ ಕೂಡಿಸಿತು. ಈ ಸಖ್ಯದ ಮಿತಿಯೂ ಅದೇ, ಬೆಲೆಯೂ ಅದೇ.

ಇಂಥ ಕೂಟ ಈ ನಾಡಿಗೆ ಹೊಸದಲ್ಲ. ಗುಡವಿಯ ನೆರೆಯ ಶಿಕಾರಿಪುರ ಸೀಮೆಯ ಬಳ್ಳಿಗಾವೆಯಲ್ಲಿ ಕೋಡಿಯಮಠವಿತ್ತು. 1162ರ ಶಾಸನವು ಈ ಶೈವ ಮಠವನ್ನು ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧ ದರ್ಶನಕ್ಕೂ ವ್ಯಾಖ್ಯಾನಸ್ಥಾನವೆಂದು ಬಣ್ಣಿಸುತ್ತದೆ. ಪರಮತವನ್ನು ಒಪ್ಪದೆಯೂ ಅದನ್ನು ಅರಿಯಬಹುದೆಂಬುದು ಅಲ್ಲಿನ ನಿಲುವು. ಈ ಶಾಸನವನ್ನು 1902ರಲ್ಲಿಯೂ, ಗುಡವಿಯಿರುವ ಸೊರಬ ತಾಲ್ಲೂಕಿನ ಶಾಸನಗಳನ್ನು 1904ರಲ್ಲಿಯೂ ಅಚ್ಚಿಗೆ ತಂದವರು ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್. ತಂದೆ ಮಿಶನರಿ, ಮಗ ಮೈಸೂರು ಸರ್ಕಾರದ ಅಧಿಕಾರಿ. ರೈಸ್ ಅವರಿಗೆ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದರು. ನಿಘಂಟಿನ ಮುಖಪುಟದಲ್ಲಿ ಕಾಣದ ಪಂಡಿತನ ಹೆಸರು ಇಲ್ಲಿ ಇಲಾಖೆಯ ಮುಖ್ಯಸ್ಥನ ಹೆಸರಾಯಿತು.

ನೆರವು ಒಂದೇ ದಿಕ್ಕಿನಲ್ಲಿ ಹರಿಯಿತೆನ್ನುವಂತೆಯೂ ಇಲ್ಲ. ಮಂಜೇಶ್ವರದ ಗೋವಿಂದ ಪೈಯವರು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ, ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಹಾಡಿದರು. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ಕಥೆಯನ್ನು ಕನ್ನಡ ಕಾವ್ಯದ ವಸ್ತುವಾಗಿಸಿದರು. ಮತಪ್ರಚಾರದ ಕರಪತ್ರಗಳಿಗೆ ಸಾಧ್ಯವಾಗದ ಕೆಲಸವಿದು.

ಆದುದರಿಂದ ಮಿಶನರಿ ಸಾಹಿತ್ಯದ ವಿಮರ್ಶೆ ಸ್ತುತಿನಿಂದೆಗಳಲ್ಲಿ ನಿಲ್ಲಬಾರದು. ಯಾರ ಮನೆಯ ಓಲೆ, ಯಾರ ಬಾಯ ಅರ್ಥ, ಯಾರ ಕೈಬರಹ ಎಂದು ಪ್ರತಿಯೊಂದು ಗ್ರಂಥವನ್ನೂ ಕೇಳಬೇಕು. ಮುನ್ನುಡಿಗಳನ್ನೂ ಹಸ್ತಪ್ರತಿಗಳ ಅಂತ್ಯಲೇಖಗಳನ್ನೂ ಶೋಧಿಸಿ ಆ ಹೆಸರುಗಳನ್ನು ಹೊರತೆಗೆಯುವುದು ನಮ್ಮ ಸಂಶೋಧಕ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸ. ಅದು ನಡೆದಲ್ಲದೆ ಕಿಟ್ಟೆಲ್ ಅವರ ನಿಜವಾದ ಎತ್ತರವೂ ನಮಗೆ ತಿಳಿಯದು.